ಮೂರನೆಯ ಪ್ರಕಟಣೆ

ಹುದಿಕೇರಿ ಹತ್ತಿರ ಬಿಳಿ ದೊರೆಯೊಬ್ಬನ ಎಸ್ಟೇಟಿನಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಮ್ಮದು ಪ್ರೊಟೆಸ್ಟೆಂಟ್ ಕ್ರೈಸ್ತ ಮನೆ. ಕೂಲಿಯವರ ಲೈನುಮನೆಗಳ ಪಕ್ಕದ ತಗಡಿನ ಪ್ರಾರ್ಥನಾಲಯಕ್ಕೆ ಪಾದ್ರಿಗಳು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರ ಅಪ್ಪನದೇ ಪ್ರಸಂಗ. ಅದು ಯಾವತ್ತೂ ಒಂದೇ: ದೇವರು ಒದಗಿಸುತ್ತಾನೆ, ಆತುರ ಬೇಡ. ಒದಗಿಸುವ ವಿಷಯದಲ್ಲಿ ದೇವರಿಗೂ ಆತುರವಿಲ್ಲ ಎಂಬುದಕ್ಕೆ ನಾನೇ ಸಾಕ್ಷಿಯಾಗಿ ಮುಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ನನ್ನ ಜೊತೆಯವರೆಲ್ಲ ಎರಡೆರಡು ಮಕ್ಕಳ ತಾಯಂದಿರಾಗಿದ್ದರು, ನಮ್ಮ ಮೆಟ್ಟಿಲನ್ನು ಮಾತ್ರ ಒಂದು ಗಂಡೂ ಹತ್ತಿರಲಿಲ್ಲ.

ಆಗ ಬಂದ ಸಿಲೋನಿನ ವರ. ಅಲ್ಲಿನ ಟೀ ಎಸ್ಟೇಟಿನಲ್ಲಿ ಹೆಡ್ ಕ್ಲಾರ್ಕ್ ಅಂತೆ. ಹೊಳೆಯುವ ಬೂಟು, ಬಾಯಿತುಂಬ ಸ್ತೋತ್ರ. ಊಟದ ಮುಂಚೆ ಅವನು ಮಾಡಿದ ಪ್ರಾರ್ಥನೆಗೆ ಸಾರು ತಣ್ಣಗಾಯಿತು. ಸಿಲೋನನ್ನು ವಾಗ್ದತ್ತ ದೇಶದಂತೆ ಬಣ್ಣಿಸಿದ: ಮನೆಯೊಳಗೆ ಕರೆಂಟು ದೀಪ, ಅಡುಗೆಗೆ ಆಳು, ಚಳಿಜ್ವರವಿಲ್ಲ, ಜಿಗಣೆಯಂತೂ ಇಲ್ಲವೇ ಇಲ್ಲ. ಜಿಗಣೆ ಇಲ್ಲ ಎಂದದ್ದೇ ತಡ, ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿದೆ. ನನಗೆ ಅವನು ಬೇಕೇ ಬೇಕಿತ್ತು. ಅಲ್ಲಿ ನಮ್ಮಲ್ಲಿಗಿಂತ ಹೆಚ್ಚು ಜಿಗಣೆಗಳಿವೆಯೆಂದು ತಿಳಿದದ್ದು ಎಷ್ಟೋ ಕಾಲದ ಮೇಲೆ.

ನಮ್ಮ ಸಭೆಯಲ್ಲಿ ಮದುವೆಗೆ ಮುಂಚೆ ಪಾದ್ರಿಗಳು ಮೂರು ಸಲ ಪ್ರಕಟಣೆ ಓದಬೇಕು. ಅಡ್ಡಿಯಿದ್ದವರು ಎದ್ದು ಹೇಳಬೇಕು. ಬೇರೆ ಕಡೆ ಮೂರು ವಾರದಲ್ಲಿ ಮುಗಿಯುವ ಕೆಲಸಕ್ಕೆ ನಮ್ಮಲ್ಲಿ ಮೂರು ತಿಂಗಳು. ವರನಿಗೆ ಅವಸರ. ಮದುವೆಯ ದಿನ ತೀರಿಹೋದ ಅಮ್ಮನ ಒಡವೆಗಳೆಲ್ಲ ನನ್ನ ಮೈಮೇಲೆ ಬರಬೇಕು, ಮರುದಿನ ನಾವು ಹೊರಡಬೇಕು.

"ಹಡಗು ಕಾಯುದಿಲ್ಲ ಮಾವ. ಮೂರನ್ನೂ ಒಂದೇ ದಿವಸ ಓದಿಸಿಬಿಡುವ," ಎಂದ. ಪಾದ್ರಿಗಳೂ ಅರ್ಧ ಒಪ್ಪಿದರು.

"ಆಗುದಿಲ್ಲ," ಎಂದರು ಅಪ್ಪ. "ಒಂದೊಂದು ಸಲಕ್ಕೆ ಒಂದೊಂದೇ. ದೇವರು ಕೊಡುದಾದರೆ ಹಡಗನ್ನೂ ನಿಲ್ಲಿಸ್ತಾನೆ."

ಸಭೆಯವರು ಅವರ ವಿಶ್ವಾಸವನ್ನು ಕೊಂಡಾಡಿದರು. ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಹಡಗಾದರೋ ಪಾಪ, ಪ್ರತಿ ತಿಂಗಳೂ ಹೊರಡುತ್ತಲೇ ಇತ್ತು. ವರ ಸುಂಟಿಕೊಪ್ಪದ ಕಡೆ ನೆಂಟರ ಮನೆಯಲ್ಲಿ ಉಳಿದುಕೊಂಡು ಬಂದುಹೋಗಿ ಮಾಡುತ್ತಿದ್ದ.

ಮೂರನೆಯ ಪ್ರಕಟಣೆ ಓದಿ ಮುಗಿಯುವಾಗ ಹಿಂದಿನ ಬೆಂಚಿನಿಂದ ಅಪರಿಚಿತ ಮುದುಕರೊಬ್ಬರು ಕೊಡೆ ಊರಿಕೊಂಡು ಎದ್ದರು.

"ಅಡ್ಡಿ ಹೇಳುದು ಈಗವಾ?" ಎಂದು ಕೇಳಿದರು. "ಸುಂಟಿಕೊಪ್ಪದಿಂದ ಬಂದೆ. ಇಲ್ಲಿ ಇವನ ಮದುವೆ ಅಂತ ಬಸ್ಸಿನ ಕಂಡಕ್ಟರ್ ಹೇಳಿ ಗೊತ್ತಾಯ್ತು. ಈ ಮನುಷ್ಯ ನನ್ನ ಮಗಳಿಗೂ ಮಾತು ಕೊಟ್ಟಿದ್ದಾನೆ. ನಮ್ಮ ಚರ್ಚಲ್ಲಿ ಇವ ಕಥೋಲಿಕ. ಅಲ್ಲಿಯೂ ಹಡಗು ಕಾಯುದಿಲ್ಲ."

ಪಾದ್ರಿಗಳು ಪುಸ್ತಕ ಮುಚ್ಚಿ, "ಪ್ರಾರ್ಥಿಸೋಣ," ಎಂದರು. ನಾವೆಲ್ಲ ಕಣ್ಣು ಮುಚ್ಚಿದೆವು. ಆಮೆನ್ ಹೇಳಿ ಕಣ್ಣು ತೆರೆದಾಗ ವರನ ಜಾಗ ಖಾಲಿಯಿತ್ತು. ಅವನು ಮಾಡಿದ ಅತಿ ಚಿಕ್ಕ ಪ್ರಾರ್ಥನೆ ಅದೇ ಇರಬೇಕು.

ಮನೆಗೆ ಬಂದ ಮೇಲೆ ಸೋದರತ್ತೆ ನನ್ನ ತಲೆ ಸವರುತ್ತ, "ದೇವರು ನಿನಗೆ ಇದಕ್ಕಿಂತ ಒಳ್ಳೆಯವನನ್ನೇ ಇಟ್ಟಿದ್ದಾನೆ," ಎಂದಳು. ಕಳೆದ ತಿಂಗಳು ಇವನನ್ನೂ ದೇವರೇ ಕಳಿಸಿದ್ದು ಎಂದವಳು ಅವಳೇ. ನಾನು ಅಡುಗೆಮನೆಗೆ ಹೋಗಿ, ನಾಚಿಕೆಗೂ ಸಿಟ್ಟಿಗೂ ಸೇರಿಸಿ ಅತ್ತುಬಿಟ್ಟೆ.

ಸಂಜೆ ಜಗಲಿಯಲ್ಲಿ ಒಬ್ಬರೇ ಕೂತಿದ್ದ ಅಪ್ಪನ ಹತ್ತಿರ ಹೋದೆ.

"ನಿಮಗೆ ಮೊದಲೇ ಗೊತ್ತಿತ್ತಾ? ದೇವರು ತಿಳಿಸಿದ್ದಾ?"

"ಎಂತ ಗೊತ್ತು? ನನಗೂ ಆ ಹುಡುಗ ಭಾರಿ ಹಿಡಿಸಿದ್ದ."

"ಮತ್ತೆ ಯಾಕೆ ಅಷ್ಟು ಹಟ ಮಾಡಿದ್ದು?"

ಅವರು ಕಾಫಿ ಗಿಡಗಳ ಕಡೆಗೆ ಮುಖ ಮಾಡಿಯೇ ಹೇಳಿದರು: "ಇನ್ನು ಮೂರು ತಿಂಗಳಾದರೂ ನೀನು ಮನೇಲಿರ್ತೀಯಲ್ಲ ಅಂತ. ದೇವರ ಹೆಸರು ಹೇಳಿದ್ದು ಸುಮ್ಮನೆ, ಯಾರೂ ಎದುರು ಮಾತಾಡಬಾರದು ಅಂತ."

ಸುಮ್ಮನೆ ಹೇಳಿದ್ದನ್ನೂ ದೇವರು ನಡೆಸಿಕೊಟ್ಟಿದ್ದ. ಅಪ್ಪನ ಮೇಲೆ ನನಗೆ ಅಷ್ಟು ಪ್ರೀತಿ ಅದುವರೆಗೆ ಯಾವತ್ತೂ ಬಂದಿರಲಿಲ್ಲ.