ಜೋಳದ ಡಬ್ಬಿಯ ಮಾತು

ಕೊಟ್ಟೂರಿನ ಓಬಳೇಶ್ ಸರ್ಕಾರಿ ಬಸ್ಸಿನ ಕಂಡಕ್ಟರು. ಕೊಟ್ಟೂರಿನಿಂದ ಹರಪನಹಳ್ಳಿ, ಅಲ್ಲಿಂದ ಉಚ್ಚಂಗಿದುರ್ಗ, ಮತ್ತೆ ವಾಪಸ್. ಹುಣ್ಣಿಮೆ ಬಂತೆಂದರೆ ದುರ್ಗದ ಉಚ್ಚಂಗೆಮ್ಮನ ದರ್ಶನಕ್ಕೆ ಹೊರಟ ಜನ ಬಸ್ಸಿನ ಬಾಗಿಲಿಗೆ ಮುತ್ತಿಕೊಳ್ಳುತ್ತಾರೆ. "ತುಂಬೈತಿ, ತುಂಬೈತಿ! ಹಿಂದಿನ ಬಸ್ಸಿಗೆ ಬರ್ರಿ!" ಎಂದು ಕೂಗಿ ಕೂಗಿ ಅವನ ಗಂಟಲು ಪಳಗಿಹೋಗಿತ್ತು. ಹಿಂದಿನ ಬಸ್ಸು ಯಾವಾಗ ಬರುತ್ತದೆಂಬುದು ಆ ಉಚ್ಚಂಗೆಮ್ಮನಿಗೇ ಗೊತ್ತು, ಅದು ಬೇರೆ ಮಾತು.

ಮನೆಗೆ ಬಂದರೆ ಆಸಾಮಿಯೇ ಬೇರೆ. ಓದಿದ್ದು ಪಿಯುಸಿ, ಅದೂ ಕಲಾ ವಿಭಾಗ. ಕೆಟ್ಟುಹೋದ ಮಿಕ್ಸಿಯ ಮೋಟರ್ ಬಿಚ್ಚಿದ್ದೇ ಅವನ ಮೊದಲ ಪಾಠ. ಆಮೇಲೆ ಫೋನಿನಲ್ಲಿ ವಿಡಿಯೊ ನೋಡುತ್ತಾ, ಸುಟ್ಟುಕೊಳ್ಳುತ್ತಾ ಕಲಿತ. ನೋಡುವುದಕ್ಕೆ ಒಂದು ಸೆನ್ಸರ್, ಆಡಿಸುವುದಕ್ಕೆ ಒಂದು ಮೋಟರ್, ಇಬ್ಬರ ನಡುವೆ ಯಜಮಾನಿಕೆಗೆ ಅಂಗೈಯಗಲದ ಬೋರ್ಡು. ಈ ವಿದ್ಯೆಗೆ ಮೆಕಟ್ರಾನಿಕ್ಸ್ ಎಂಬ ಹೆಸರಿದೆಯೆಂದು ಹೇಳಿದವಳು ಒಂಬತ್ತನೇ ಕ್ಲಾಸಿನ ಮಗಳು ಶಿವಲೀಲಾ.

"ಹೆಸರು ಏನರ ಇರ್ಲಿ, ಮೋಟರ್ ತಿರುಗಿದ್ರ ಸಾಕವ್ವ" ಎಂದಿದ್ದ.

ಆದರೆ ಮೋಟರ್ ಸುಲಭಕ್ಕೆ ತಿರುಗಲಿಲ್ಲ. ಕೈ ಒಡ್ಡಿದರೆ ತಾನೇ ತೆರೆಯುವ ನಲ್ಲಿ ಮಾಡಿದ. ಅದು ಬೆಕ್ಕಿಗೆ ತೆರೆಯಿತು, ಅವನಿಗೆ ತೆರೆಯಲಿಲ್ಲ. ಮೋಟರ್ ಒಮ್ಮೆ ಜಗ್ಗಿದರೆ ಬೋರ್ಡು ಎಲ್ಲ ಮರೆತು ಮೊದಲಿಂದ ಶುರುಮಾಡುತ್ತಿತ್ತು. ಬರೆದ ಪ್ರೋಗ್ರಾಮನ್ನು ಎಷ್ಟೋ ವಾರ ಬೈದ ಮೇಲೆ ಹೊಳೆಯಿತು: ಎರಡೂ ಒಂದೇ ಬ್ಯಾಟರಿಗೆ ಬಾಯಿ ಹಾಕಿವೆ, ಹಸಿದ ಮೋಟರ್ ಎಲ್ಲವನ್ನೂ ತಾನೇ ಕುಡಿಯುತ್ತಿದೆ. ಮೋಟರಿಗೆ ಬೇರೆ ಬ್ಯಾಟರಿ ಕೊಟ್ಟ. ಅಂದು ಅವನು ಕುಣಿದದ್ದನ್ನು ನೋಡಿ ಹೆಂಡತಿ ಕೊಟ್ರಬಸಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕಿದ್ದಳು.

"ಹೊರಗ ಟಿಕೆಟ್ ಹರೀತೀರಿ, ಒಳಗ ತಂತಿ ಹರೀತೀರಿ. ಹೊಲಿಯೋದು ಯಾವಾಗ್ರಿ?"

ಹೊಲಿಯಬೇಕೆಂದೇ ಜೋಳದ ಡಬ್ಬಿಗೆ ಕೈ ಹಾಕಿದ. ಮುಚ್ಚಳದ ಒಳಗೊಂದು ಸೆನ್ಸರ್. ಜೋಳ ಎಷ್ಟು ಕೆಳಗಿಳಿಯಿತೆಂದು ಅದು ಅಳೆಯಬೇಕು. ಹೊರಗೊಂದು ಪುಟ್ಟ ಮೋಟರ್; ಅದು ಮುಳ್ಳನ್ನು ತಿರುಗಿಸಿ ತೋರಿಸಬೇಕು. ತಳ ಕಂಡರೆ ಡಬ್ಬಿ ಬಾಯಿ ಬಿಟ್ಟು ಹೇಳಬೇಕು. ಅದಕ್ಕೆ ಧ್ವನಿ ಹಿಡಿದಿಡುವ ಸಣ್ಣದೊಂದು ಬೋರ್ಡು ತರಿಸಿದ್ದ. ಅದರ ಕೆಂಪು ಗುಂಡಿ ಒತ್ತಿ ಹಿಡಿದು ಮಾತಾಡಿದರೆ ಹೊಸ ಮಾತು ಕೂರುತ್ತದೆ, ಹಳೆಯದು ಅಳಿಸಿಹೋಗುತ್ತದೆ.

"ಜ್ವಾಳ ಖಾಲಿ ಆಗ್ಯಾವು ಅಂತ ಹೇಳು" ಎಂದು ಹೆಂಡತಿಯ ಮುಂದೆ ಹಿಡಿದ.

ಕೊಟ್ರಬಸಮ್ಮ ಕೆನ್ನೆ ಬಡಿದುಕೊಂಡಳು. "ಮನ್ಯಾಗ ಹೆಣ್ಮಕ್ಕಳು ಖಾಲಿ ಅಂತಾರೇನ್ರಿ? ತುಂಬ್ಯಾವು ಅನ್ನಬೇಕು."

ಜೋಳ, ಅಕ್ಕಿ, ಅರಿಷಿಣ ಮುಗಿದರೆ ಇಲ್ಲ ಎನ್ನಬಾರದು, ತುಂಬಿದೆ ಎನ್ನಬೇಕು. ಇಲ್ಲ ಎಂದರೆ ಮನೆಯ ಲಕ್ಷ್ಮಿ ಕೇಳಿಸಿಕೊಂಡು ಹೊರಟುಬಿಡುತ್ತಾಳೆ. ಇದು ಅವಳ ಅವ್ವ ಕಲಿಸಿದ್ದು, ಆ ಅವ್ವನಿಗೆ ಅವಳ ಅವ್ವ.

"ಲೇ, ಮಷೀನು ಸುಳ್ಳು ಹೇಳಿದಂಗಾತು!"

"ಮಷೀನಿಗೇನು ಗೊತ್ತು? ಮನಿಗೆ ಗೊತ್ತಾಗ್ತೈತಿ" ಎಂದವಳೇ ಗುಂಡಿ ಒತ್ತಿ, ನಗು ತಡೆದುಕೊಂಡು ಹೇಳಿಬಿಟ್ಟಳು: "ತುಂಬ್ಯಾವ್ರಿ, ಸಂತಿಗೆ ಹೋಗಿ ಬರ್ರಿ."

ಅದಾದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಏನು ಎತ್ತ ತಿಳಿಯುವ ಮೊದಲೇ ನೆತ್ತಿಗೇರಿತು. ದಾವಣಗೆರೆಯ ಆಸ್ಪತ್ರೆಯಿಂದ ಓಬಳೇಶ್ ಅವಳ ಹೆಣ ತಂದ.

ಅವನಿಗೆ ಅಳು ಬರಲಿಲ್ಲ. ಮಣ್ಣು ಹಾಕುವಾಗಲೂ ಬರಲಿಲ್ಲ. ಬಂದವರು ತಮ್ಮತಮ್ಮಲ್ಲೇ ಪಿಸುಗುಟ್ಟಿದರು, ಜನರ ಬಾಯಿಗೆ ಬೀಗ ಹಾಕುವವರು ಯಾರು? ಅವನಿಗೂ ತನ್ನ ಮೇಲೆ ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಉಪ್ಪಿಲ್ಲದ ಸಾರು ಉಂಡ, ಉಪ್ಪಿಲ್ಲವೆಂದು ಮಗಳು ಹೇಳಿದ ಮೇಲೆ ತಿಳಿಯಿತು. ಡ್ಯೂಟಿಗೆ ಹೋಗಿ ತುಂಬೈತಿ, ತುಂಬೈತಿ ಎಂದು ಕೂಗಿದ. ತಂತಿಗಳ ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಒಂದು ಕೆಲಸ ಮಾತ್ರ ತಪ್ಪಲಿಲ್ಲ: ಮುಳ್ಳು ಅರ್ಧಕ್ಕೆ ಇಳಿಯುವ ಮೊದಲೇ ಜೋಳ ತಂದು ಡಬ್ಬಿಗೆ ಸುರಿಯುತ್ತಿದ್ದ. ಹೆಂಡತಿ ಇಲ್ಲದಿದ್ದರೂ ಮನೆ ಕೊರತೆ ಕಾಣಲಿಲ್ಲವೆಂದು ಜನ ಹೊಗಳಿದರು. ಡಬ್ಬಿ ಮಾತಾಡದಿರಲಿ ಎಂದು ಸುರಿಯುತ್ತಿದ್ದಾನೆಂದು ಶಿವಲೀಲಾಳಿಗೆ ಗೊತ್ತಿತ್ತು.

ಚಳಿಗಾಲದಲ್ಲಿ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಬಂತು.

"ಅಪ್ಪಾ, ಡಬ್ಬಿ ಒಯ್ಯಲೇನು?"

"ಒಯ್ಯಿ" ಎಂದ. ಏನು ಕೇಳಿದಳೆಂದು ಸರಿಯಾಗಿ ಕಿವಿಗೂ ಬಿದ್ದಿರಲಿಲ್ಲ. ಅವಳು ಜೋಳವನ್ನು ಚೀಲಕ್ಕೆ ಸುರಿದು, ಸ್ವಿಚ್ ಆರಿಸಿ, ಡಬ್ಬಿ ಹೊತ್ತುಕೊಂಡು ಹೋದಳು.

ಅಂದು ಅವನಿಗೆ ರಜೆ. ಮಗಳು ಕರೆದಿದ್ದಾಳಲ್ಲ ಎಂದು ಹೋಗಿ, ಶಾಲೆಯ ಹಾಲಿನ ಬಾಗಿಲ ಹತ್ತಿರ ನಿಂತ. ಶಿವಲೀಲಾ ಬೇರೊಂದು ಮೇಜಿಗೆ ತಂತಿ ಎಳೆಯುತ್ತಿದ್ದಳು. ವಿಜ್ಞಾನದ ಮೇಷ್ಟ್ರು ಅಮರೇಶ್, ಒಳ್ಳೆಯ ಮನುಷ್ಯ, ಎಲ್ಲ ಮೇಜುಗಳನ್ನೂ ಪರೀಕ್ಷೆ ಮಾಡುತ್ತಾ ಬಂದು ಡಬ್ಬಿಯ ಸ್ವಿಚ್ ಹಾಕಿದರು. ಮುಳ್ಳು ತಿರುಗಿ ತಳಕ್ಕೆ ಬಂತು.

"ತುಂಬ್ಯಾವ್ರಿ, ಸಂತಿಗೆ ಹೋಗಿ ಬರ್ರಿ."

ಕೊಟ್ರಬಸಮ್ಮನದೇ ಧ್ವನಿ. ಅದೇ ತಡೆದ ನಗು.

"ಅರೆ, ಉಲ್ಟಾ ಆಗೈತಲ್ಲ!" ಅಮರೇಶ್ ಮೇಷ್ಟ್ರು ನಕ್ಕರು. "ಖಾಲಿ ಡಬ್ಬಿ ತುಂಬ್ಯಾವು ಅಂತೈತಿ. ತೀರ್ಪು ಕೊಡೋರು ಬರೋದ್ರಾಗ ಸರಿ ಮಾಡೋಣ. ಶಿವಲೀಲಾ, ಬಾಮ್ಮ, ಹೊಸದಾಗಿ ಹೇಳು." ಅವರ ಹೆಬ್ಬೆರಳು ಕೆಂಪು ಗುಂಡಿಯ ಕಡೆ ಹೋಯಿತು.

ಒತ್ತಿದರೆ ಮುಗಿಯಿತು. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ. ಬೇಡ್ರಿ ಎನ್ನಬೇಕು, ಅದು ನನ್ನ ಹೆಂಡತಿ ಎನ್ನಬೇಕು, ನಾಲಿಗೆ ಹೊರಳಲಿಲ್ಲ. ಇಷ್ಟು ದಿನ ಸತ್ತಂತೆ ಬಿದ್ದಿದ್ದ ಎದೆಯೊಳಗಿಂದ, ಬೇರೆ ಯಾವ ಮಾತೂ ಸಿಗದೆ, ಬಸ್ಸು ನಿಲ್ಲಿಸುವ ಹೊಟ್ಟೆಪಾಡಿನ ಮಾತೇ ಹೊರಬಿತ್ತು:

"ಹೋಲ್ಡಾನ್!"

ಕಿಟಕಿಯ ಗಾಜು ನಡುಗುವಂತಹ ಕೂಗು. ಹಾಲಿಗೆ ಹಾಲೇ ನಿಂತಿತು, ಮೇಷ್ಟ್ರ ಬೆರಳೂ ನಿಂತಿತು. ಆಮೇಲೆ ಮಕ್ಕಳೆಲ್ಲ ಗೊಳ್ಳೆಂದು ನಕ್ಕವು. ಶಿವಲೀಲಾ ನಗಲಿಲ್ಲ. ಓಡಿಬಂದು ಮೇಷ್ಟ್ರ ಕೈಯನ್ನು ಮೆಲ್ಲಗೆ ಸರಿಸಿದಳು.

"ಅದು ಉಲ್ಟಾ ಅಲ್ರಿ ಸರ್. ನಮ್ಮವ್ವ ಹಂಗ ಹೇಳ್ಯಾಳ."

ಅಮರೇಶ್ ಮೇಷ್ಟ್ರ ಮುಖ ಸಣ್ಣದಾಯಿತು. "ನಂಗ ಗೊತ್ತಾಗ್ಲಿಲ್ರಿ ಓಬಳೇಶಣ್ಣ" ಎಂದರು. ತೀರ್ಪುಗಾರರು ಬಂದರು, ಕೇಳಿದರು, ತಲೆಯಾಡಿಸಿ ಮುಂದಿನ ಮೇಜಿಗೆ ಹೋದರು. ಬಹುಮಾನ ಬೇರೆ ಯಾರಿಗೋ ಹೋಯಿತು.

ಸಂಜೆ ಶಿವಲೀಲಾ ಡಬ್ಬಿಯನ್ನು ಅದರ ಜಾಗದಲ್ಲಿಟ್ಟು ಜೋಳದ ಚೀಲವನ್ನು ಎಳೆದುಕೊಂಡಳು.

"ಇರ್ಲಿ ಬಿಡವ್ವ, ಇವತ್ತು ಹಾಕಬ್ಯಾಡ" ಎಂದ ಓಬಳೇಶ್. ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತಾನೇ ಸ್ವಿಚ್ ಒತ್ತಿದ.

"ತುಂಬ್ಯಾವ್ರಿ, ಸಂತಿಗೆ ಹೋಗಿ ಬರ್ರಿ."

"ಹ್ಞೂಂ" ಎಂದ. "ಹೋಗಿ ಬರ್ತೀನಿ."

ಗೂಟಕ್ಕೆ ಹಾಕಿದ್ದ ಕೈಚೀಲ ತೆಗೆದುಕೊಂಡು, ಅಂಗಿಯ ತೋಳಿನಿಂದ ಮುಖ ಒರೆಸುತ್ತಾ ಹೊರಗೆ ಹೋದ. ಅಂದು ಸಂತೆಯ ದಿನವಲ್ಲವೆಂದು ಶಿವಲೀಲಾ ಹೇಳಲಿಲ್ಲ.