ಅತ್ತೆ ಮತ್ತು ಕೊರಿಯಾದ ಸಿನಿಮಾಗಳು

ರಾಮಾಪುರದ ಹೈಸ್ಕೂಲಿಗೆ ಟೀಚರಾಗಿ ಬಂದ ಮೊದಲ ಚಳಿಗಾಲದಲ್ಲಿ ಸ್ವೆಟರ್ ಕೊಳ್ಳಲು ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿಗೆ ಹೋಗಿದ್ದೆ. ಅಂಗಡಿಯ ಹೆಂಗಸು ಹೆಚ್ಚುಕಡಿಮೆ ನನ್ನದೇ ವಯಸ್ಸಿನವಳು. ಅವಳ ಪಕ್ಕದ ಪುಟ್ಟ ಟಿ.ವಿ.ಯಲ್ಲಿ ಯಾವುದೋ ಕೊರಿಯನ್ ಸಿನಿಮಾ ಓಡುತ್ತಿತ್ತು. ಹಿಮ ಬಿದ್ದ ಅಂಗಳದಲ್ಲಿ ಒಬ್ಬಾಕೆ ಎಲೆಕೋಸಿಗೆ ಉಪ್ಪು ಖಾರ ಸವರಿ ಜಾಡಿಗೆ ಒತ್ತಿ ಒತ್ತಿ ತುಂಬುತ್ತಿದ್ದಳು. ಯಳಂದೂರಿನ ನಮ್ಮ ಮನೆಯಲ್ಲಿ ಅಮ್ಮ ಉಪ್ಪಿನಕಾಯಿ ಹಾಕುವಾಗ ಅವಳ ಮುಖವೂ ಹಾಗೇ ಗಂಟಾಗಿರುತ್ತಿತ್ತು. ಸ್ವೆಟರ್ ಮರೆತು ನಿಂತೇ ನೋಡಿದೆ. ಹೊರಡುವಾಗ ಅಂಗಡಿಯವಳು ಡಿ.ವಿ.ಡಿ. ಪ್ಲೇಯರಿನಿಂದ ಡಿಸ್ಕ್ ತೆಗೆದು ನನ್ನ ಕೈಗಿಟ್ಟಳು.

"ನೋಡಿ ವಾಪಸ್ ಕೊಡಿ ಅಕ್ಕ. ಇಷ್ಟ ಆದ್ರೆ ಇಟ್ಕೊಳ್ಳಿ."

ಇಟ್ಟುಕೊಂಡೆ. ಆಮೇಲೆ ಅದೊಂದು ಹುಚ್ಚೇ ಆಯಿತು. ಅವಳು ದೆಹಲಿಯಿಂದ ಉಣ್ಣೆಬಟ್ಟೆ ತರಿಸುವಾಗ ಮೂಟೆಯೊಳಗೆ ನನಗೂ ಒಂದೆರಡು ಸಿನಿಮಾ ಬರುತ್ತಿದ್ದವು. ಮೈಸೂರಿಗೆ ಹೋದರೆ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೂತು ಜಪಾನಿನದು, ಇರಾನಿನದು ಎಂದು ಹುಡುಕುತ್ತಿದ್ದೆ. ಕೊಳ್ಳೇಗಾಲದ ರೇಷ್ಮೆ ಸೀರೆಯ ಖಾಲಿ ಡಬ್ಬಗಳಲ್ಲಿ ಅವನ್ನೆಲ್ಲ ಜೋಡಿಸಿ ಹನೂರಿನ ಮನೆಯ ಬೀರುವಿನಲ್ಲಿಟ್ಟೆ. ನಮ್ಮ ಯಜಮಾನರು ನೋಡಿ ನಗುತ್ತಿದ್ದರು.

ನಮ್ಮ ಜೊತೆಗೇ ಇದ್ದ ಅತ್ತೆಗೆ ಆ ಹೊತ್ತಿಗೆ ಕಿವಿ ಮಂದವಾಗುತ್ತಾ ಬಂದಿತ್ತು. ಧಾರಾವಾಹಿ ನೋಡುವಾಗ "ಏನಂದ್ಲು? ಅವ್ನೇನಂದ?" ಎಂದು ಕೇಳುತ್ತಲೇ ಇರುವರು. ಹೇಳಿ ಹೇಳಿ ನಮಗೂ ಬೇಸರ, ಕೇಳಿ ಕೇಳಿ ಅವರಿಗೂ ಸಂಕೋಚ. ಕಡೆಗೆ ಟಿ.ವಿ. ಹಾಕಿದೊಡನೆ ಎದ್ದು ಹಿತ್ತಲಿಗೆ ಹೋಗಿ ಕೂರತೊಡಗಿದರು.

ಒಂದು ಭಾನುವಾರ ನಾನೂ ಯಜಮಾನರೂ ನನ್ನ ಡಿಸ್ಕೊಂದನ್ನು ನೋಡುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಎಂದಿನಂತೆ ಮಗನನ್ನು ಕೇಳಿದರು.

"ಏನಂದ್ಲು ಮಗಾ?"

ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳ ಓಟಕ್ಕೆ ಇವರು ಆಗಲೇ ಸೋತಿದ್ದರು. ಅವ್ವನ ಕಿವಿಗೆ ಬಾಯಿಟ್ಟು, "ನಂಗೂ ಒಂದಕ್ಷರ ಗೊತ್ತಾಯ್ತಾ ಇಲ್ಲ ಕಣವ್ವ! ಕೊರಿಯಾ ಭಾಸೆ!" ಎಂದು ಕೂಗಿದರು.

ಅತ್ತೆಯ ಮುಖ ಅರಳಿತು. "ಅಂಗಾದ್ರೆ ನೀನೂ ನಂಗೆ ಜೊತೆಯಾದೆ ಬುಡು" ಎಂದವರೇ ಮಗನ ಪಕ್ಕ ಚಾಪೆಯ ಮೇಲೆ ಕುಳಿತರು. ಆವತ್ತು ಕೊನೆಯವರೆಗೂ ಏಳಲಿಲ್ಲ. "ನೋಡ್ಲಾ, ಆ ಎಣ್ಣು ಮುನಿಸ್ಕಂಡು ಉಣ್ದೆ ಕುಂತದೆ" ಎಂದು ಅವರೇ ಮಗನಿಗೆ ಕತೆ ಹೇಳುತ್ತಾ ಹೋದರು.

ಅಲ್ಲಿಂದ ಭಾನುವಾರ ಬಂದರೆ ಅತ್ತೆಯೇ ಬೀರುವಿನಿಂದ ಸೀರೆಡಬ್ಬ ಇಳಿಸುವರು. ಒಬ್ಬ ನಟ, ತೀರಿಹೋದ ಅವರ ತಮ್ಮನ ಹಾಗಿದ್ದಾನಂತೆ. "ನನ್ ತಮ್ಮಂದ ಆಕವ್ವ" ಎಂದು ಕೇಳುವರು. ಅವನ ಸಿನಿಮಾಗಳಿಗಾಗಿಯೇ ನಾನು ಊರೂರು ಅಲೆದೆ.

ಹೋದ ವರ್ಷ ಪ್ಲೇಯರ್ ಕೆಟ್ಟಿತು. ಕೊಳ್ಳೇಗಾಲಕ್ಕೆ ಒಯ್ದರೆ ರಿಪೇರಿಯವನು ಬಿಚ್ಚಿ ನೋಡಿ ತಲೆಯಾಡಿಸಿದ. "ಲೆನ್ಸ್ ಓಗ್ಬುಟ್ಟದೆ ಮೇಡಮ್. ಇದ್ರ ಸಾಮಾನು ಈಗ ಬರಾಕಿಲ್ಲ. ಎಲ್ರೂ ಮೊಬೈಲಲ್ಲೇ ನೋಡ್ಕತಾರೆ." ಮೊಬೈಲ್ ಹಿಡಿದು ತೋರಿಸಿದರೆ ಅತ್ತೆಗೆ ಮುಖಗಳೇ ಕಾಣಲಿಲ್ಲ. ಸೀರೆಡಬ್ಬ ಇಳಿಯುವುದು ನಿಂತಿತು. ಅತ್ತೆ ಮತ್ತೆ ಹಿತ್ತಲು ಸೇರಿದರು. ನನಗೆ ತಡೆಯಲಾಗಲಿಲ್ಲ. ಹೊರಗಿನ ಗಾಳಿಯಾದರೂ ಸಿಗಲೆಂದು ಅವರನ್ನು ಒಡೆಯರಪಾಳ್ಯದ ಬಸ್ಸು ಹತ್ತಿಸಿದೆ.

ಅಂಗಡಿಯ ಹೆಂಗಸು ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ ಬೆಣ್ಣೆ ಹಾಕಿದ ಉಪ್ಪು ಚಹಾ ಕೊಟ್ಟಳು. ಟಿ.ವಿ.ಯಲ್ಲಿ ಮದುಮಗಳೊಬ್ಬಳು ಕುದುರೆಯ ಮೇಲೆ ತವರು ಬಿಟ್ಟು ಹೊರಟಿದ್ದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಕ್ಕಕ್ಕೆ ತಿರುಗಿದರೆ ಅಂಗಡಿಯವಳ ಕಣ್ಣೂ ಒದ್ದೆ.

"ನಿನ್ನೂ ಇಂಗೇ ಕಳ್ಸಿದ್ರಾ ಮಗಾ?" ಅತ್ತೆ ಗಟ್ಟಿಯಾಗಿ ಕೇಳಿದರು.

ಅವಳು ಕಿಟಕಿಯಾಚೆ ತನ್ನ ತವರನ್ನು ತೋರಿಸಿದಳು. ಹಿಂದಿನ ಬೀದಿ. ಇಬ್ಬರೂ ಕಣ್ಣೀರಿನ ನಡುವೆಯೇ ನಗತೊಡಗಿದರು.

ಪ್ಲೇಯರ್ ಕೆಟ್ಟ ಸಂಗತಿ ನಾನು ಹೇಳಿದ್ದೇ ತಡ, ಅವಳು ತನ್ನದರ ವೈರುಗಳನ್ನು ಕಳಚಿ ಹಳೇ ಶಾಲಿನಲ್ಲಿ ಸುತ್ತಿದಳು. "ನಾವು ಮೊಬೈಲಲ್ಲಿ ನೋಡ್ತೀವಿ ಅಕ್ಕ. ಅಜ್ಜಿಗೆ ಬೇಕು." ದಾರಿಯುದ್ದಕ್ಕೂ ಅತ್ತೆ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಮರುವಾರ ನನ್ನ ಕೈಲಿ ಅವಳಿಗೊಂದು ಚೀಲ ಅವರೆಕಾಯಿ ಕಳಿಸಿದರು.

ಈಗ ಅವಳು ಹನೂರಿಗೆ ಬಂದಾಗ ನಮ್ಮ ಮನೆಗೂ ಬರುತ್ತಾಳೆ. ಮೊನ್ನೆ ಅವಳು ತಂದ ಹೊಸ ಡಿಸ್ಕ್ ಹಾಕಿ ನಾನು ಕಾಫಿಗಿಟ್ಟೆ. ಅತ್ತೆ ಅವಳಿಗೆ ವಿವರಿಸುತ್ತಿದ್ದರು: "ಅವ್ನು ದೊಡ್ಮಗ. ಅಪ್ಪನ ಜೊತೆ ಜಗಳಾಡ್ಕಂಡು ಓಗಿದ್ದೋನು ಬಂದವ್ನೆ." ಅವನು ಆ ಮನೆಗೆ ಬಾಡಿಗೆಗೆ ಬಂದವನೆಂದು ಕೆಳಗಿನ ಅಕ್ಷರಗಳು ಹೇಳುತ್ತಿದ್ದವು. ಅಂಗಡಿಯವಳು ಹೌದು ಹೌದೆಂದು ತಲೆಯಾಡಿಸುತ್ತಿದ್ದಳು. ನಾನು ಲೋಟಗಳನ್ನು ಇಬ್ಬರ ಕೈಗೂ ಕೊಟ್ಟು, ಅತ್ತೆಯ ಕತೆಯಲ್ಲೇ ಉಳಿದರ್ಧ ಸಿನಿಮಾ ನೋಡಿದೆ. ಎಲ್ಲೂ ತಾಳ ತಪ್ಪಲಿಲ್ಲ.