ಕಾಳಣ್ಣನ ಮೂಗು

ಪ್ರದರ್ಶನಕ್ಕೆಂದು ಕೋಳಿ ಸಾಕುವ ಆ ಊರಿನವರು ಮೇವಿನ ಹೊಸ ಮೂಟೆ ತಂದರೆ ಮೊದಲು ಬಿಚ್ಚುತ್ತಿದ್ದುದು ಕಾಳಣ್ಣನ ಸೈಕಲ್ ರಿಪೇರಿ ಅಂಗಡಿಯ ಮುಂದೆ. ಅಂಗಿಯ ಜೇಬಿನಲ್ಲಿ ಸದಾ ನಾಲ್ಕು ಕಾಳು ಇಟ್ಟುಕೊಂಡು ಓಡಾಡುತ್ತಿದ್ದ ಮನುಷ್ಯ, ಅದಕ್ಕೇ ಆ ಹೆಸರು. ಕೈಗೆ ಮೆತ್ತಿದ ಗ್ರೀಸು ಒರೆಸಿಕೊಂಡು, ಮೂಟೆಯೊಳಗೆ ಮೊಣಕೈವರೆಗೂ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು ಮೂಸುತ್ತಿದ್ದ. ಹುಬ್ಬು ಮೇಲೇರಿದರೆ ಅದು ಕೋಳಿಗೆ, ಮುಖ ಸೊಟ್ಟಗಾದರೆ ತಿಪ್ಪೆಗೆ. ಆ ತೀರ್ಪಿನ ಮೇಲೆ ಅಪೀಲು ಇರಲಿಲ್ಲ.

ಯಾವ ಕೋಳಿಗೆ ಏನು ಹಾಕಬೇಕೆಂಬುದೂ ಅವನಿಗೆ ಕರತಲಾಮಲಕ. ಗರಿ ಮಿಂಚಬೇಕೆ, ಸೂರ್ಯಕಾಂತಿ ಬೀಜ. ಹಳೆಯ ಗರಿ ಉದುರಿ ಹೊಸದು ಹೊರಡುವ ಕಾಲವೆ, ಶೇಂಗಾ ಹಿಂಡಿ. ಬಿಳಿ ಕೋಳಿಗೆ ಮಾತ್ರ ಗೋಧಿ. "ಬಿಳೀದಕ್ಕೆ ಮೆಕ್ಕೆಜೋಳ ಹಾಕೋದೂ ಒಂದೇ, ಅದನ್ನ ಹಿಡಿದು ಟೀ ಒಳಗೆ ಅದ್ದೋದೂ ಒಂದೇ," ಎನ್ನುತ್ತಿದ್ದ. ಗರಿ ಹಳದಿಗೆ ತಿರುಗಿದರೆ ಬಹುಮಾನ ಹಾಗಿರಲಿ, ತೀರ್ಪುಗಾರರು ಪಂಜರದ ಮುಂದೆ ನಿಲ್ಲುವುದೂ ಇಲ್ಲ.

ಹೀಗಿದ್ದವನಿಗೆ ಒಂದು ಕೆಟ್ಟ ಜ್ವರ ಬಂದು ಹೋಯಿತು. ಜ್ವರ ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಗಿತ್ತು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ನಾತ ತುಂಬಿದಾಗ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ. "ಮೂಗೇನು ಬಾಡಿಗೆಗೆ ಕೊಟ್ಟಿದ್ದೀರಾ?" ಎಂದು ಹೆಂಡತಿ ರೇಗಿದಳು. ಅವನು ನಕ್ಕುಬಿಟ್ಟ. ಆದರೆ ಅವತ್ತು ಸೋಪು, ಸೀಮೆಎಣ್ಣೆ, ಬೆಳ್ಳುಳ್ಳಿ ಎಲ್ಲವನ್ನೂ ಕದ್ದು ಕದ್ದು ಮೂಸಿದ. ಯಾವುದಕ್ಕೂ ವಾಸನೆಯಿರಲಿಲ್ಲ.

ಹೇಳಿಬಿಡಬಹುದಿತ್ತು. ಆದರೆ ಪಂಕ್ಚರ್ ಹಾಕುವವರು ಬೀದಿಗಿಬ್ಬರಿದ್ದರು. ಜನ ಇವನನ್ನು ಅಣ್ಣಾ ಎಂದು ಕರೆದು ಸ್ಟೂಲು ಎಳೆದು ಕೂರುತ್ತಿದ್ದುದು ಆ ಮೂಗಿನಿಂದ. ಅದಿಲ್ಲವೆಂದರೆ ತಾನು ಯಾರು? ಹಾಗಾಗಿ ಕಣ್ಣಿನಲ್ಲೇ ನೋಡಿ ಮೂಸಿದಂತೆ ಮಾಡತೊಡಗಿದ.

ಒಂದು ದಿನ ಹಿಂದಿನ ಬೀದಿಯ ಟೈಲರಮ್ಮ ಶೇಂಗಾ ಹಿಂಡಿಯ ಚೀಲ ಹೊತ್ತು ಬಂದಳು. ಗಂಡ ಸತ್ತ ಮೇಲೆ ಬಾಗಿಲು ಹಾಕಿಕೊಂಡು ಕೂತಿದ್ದವಳನ್ನು ಮತ್ತೆ ನಾಲ್ಕು ಜನರ ನಡುವೆ ಎಳೆತಂದದ್ದು ಅವಳ ಬಿಳಿ ಹುಂಜ. ಅದನ್ನು ತೋರಿಸಲೆಂದೇ ಅವಳು ಒಳ್ಳೆಯ ಸೀರೆ ಉಡಲು ಶುರುಮಾಡಿದ್ದಳು. ಈಗ ಹುಂಜಕ್ಕೆ ಹೊಸ ಗರಿ ಬರುತ್ತಿತ್ತು, ಪ್ರದರ್ಶನವೂ ಹತ್ತಿರವಿತ್ತು.

ಕಾಳಣ್ಣ ಒಂದು ತುಂಡು ಮುರಿದ. ಬಣ್ಣ ಸರಿಯಿತ್ತು, ಬೂಷ್ಟು ಕಾಣಲಿಲ್ಲ. ಮೂಗಿಗೆ ಹಿಡಿದು ಹುಬ್ಬು ಏರಿಸಿದ. "ಧೈರ್ಯವಾಗಿ ಹಾಕಮ್ಮ."

ಅವಳು ಚೀಲದ ಬಾಯಿ ಹಿಡಿದು ನಿಂತೇ ಇದ್ದಳು. "ಇನ್ನೊಂದು ಸಲ ನೋಡ್ತೀರಾ ಅಣ್ಣಾ?"

ಸ್ಟೂಲಿನ ಮೇಲಿದ್ದವರು ತಲೆಯೆತ್ತಿದರು. "ನನ್ನನ್ನೇ ಪರೀಕ್ಷೆ ಮಾಡ್ತೀಯೇನಮ್ಮಾ?" ಎಂದು ಕಾಳಣ್ಣ ಗದರಿದ. ಅವಳು ತಪ್ಪು ಮಾಡಿದವಳಂತೆ ಚೀಲ ಕಟ್ಟಿಕೊಂಡು ಹೊರಟುಹೋದಳು.

ವಾರ ಕಳೆದಿರಬೇಕು. ದಾರಿಯಲ್ಲಿ ಸಿಕ್ಕಿದ ಟೈಲರಮ್ಮ, "ಯಾಕೋ ಹುಂಜ ಮಂಕಾಗಿದೆ, ಜುಟ್ಟು ಬಿಳಚಿಕೊಂಡಿದೆ," ಎಂದಳು.

"ಗರಿ ಬರೋವಾಗ ಹಾಗೇ," ಎಂದುಬಿಟ್ಟ. ಆದರೆ ಶೇಂಗಾದೊಳಗಿನ ಬೂಷ್ಟು ಕಣ್ಣಿಗೆ ಬೀಳದೆಯೂ ಕೋಳಿಯ ಪಿತ್ತಜನಕಾಂಗ ತಿಂದುಹಾಕುತ್ತದೆಂದು ಊರಿಗೆಲ್ಲ ಹೇಳಿಕೊಟ್ಟವನೇ ಅವನು. ಅಂಗಡಿಗೆ ಓಡಿ, ಅವತ್ತು ಮುರಿದು ಮೇಜಿನ ಮೇಲೆ ಬಿಟ್ಟಿದ್ದ ತುಂಡನ್ನು ಹುಡುಕಿ ಮನೆಗೆ ಒಯ್ದು ಹೆಂಡತಿಯ ಮುಂದೆ ಹಿಡಿದ. "ಇದನ್ನ ಮೂಸು."

"ಥೂ! ಮುಗ್ಗಲು ನಾತ," ಎಂದು ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಮೇಲೆ ಗಂಡನ ಮುಖ ನೋಡಿದಳು. "ರೀ... ನಿಮಗೆ ಗೊತ್ತಾಗಲಿಲ್ವಾ?"

ಉತ್ತರ ಕೊಡಲು ಅವನು ಅಲ್ಲಿರಲಿಲ್ಲ. ಚಪ್ಪಲಿ ಕೂಡ ಮೆಟ್ಟದೆ ಹಿಂದಿನ ಬೀದಿಗೆ ಎದ್ದೆನೋ ಬಿದ್ದೆನೋ ಎಂದು ಓಡಿದ್ದ.

ಟೈಲರಮ್ಮ ಹೊಲಿಗೆ ಯಂತ್ರದ ಪಕ್ಕ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಹುಂಜ ಕತ್ತು ಜೋಲುಬಿಟ್ಟು ಮಲಗಿತ್ತು. ತಾನಾಗಿ ತಿನ್ನುತ್ತಿಲ್ಲವೆಂದು ಅವಳು ಹಿಂಡಿಯನ್ನು ನೀರಲ್ಲಿ ನೆನೆಸಿ, ಉಂಡೆ ಮಾಡಿ, ಕೊಕ್ಕು ಬಿಡಿಸಿ ತಿನ್ನಿಸುತ್ತಿದ್ದಳು.

"ಬೇಡ, ನಿಲ್ಲಿಸು ತಾಯಿ! ಕೆಟ್ಟಿದೆ ಅದು. ನನಗೆ ವಾಸನೇನೇ ಬರಲ್ಲ. ಜ್ವರ ಬಂದಾಗಿನಿಂದ ಬರಲ್ಲ."

ಅವಳ ಕೈ ಅಲ್ಲೇ ನಿಂತಿತು.

"ಅವತ್ತೇ ನನಗೆ ವಾಸನೆ ಬಂದಿತ್ತು ಅಣ್ಣಾ," ಎಂದಳು. "ನಿಮಗೇ ಬರಲಿಲ್ಲವಲ್ಲ, ನನ್ನ ಮೂಗೇ ಕೆಟ್ಟಿದೆ ಅಂದ್ಕೊಂಡೆ."